ಡ್ರಾಯಿಂಗ್ ಪೀರಿಯಡ್ಡು ಮಕ್ಕಳನ್ನು ಸುಮ್ನೆ ಕೂರಿಸೋಕಲ್ಲ: ಕೊಡಗಿನ ಇಬ್ಬರು ಶಾಸಕರಿಗೆ ಬಹಿರಂಗ ಪತ್ರ

ಮಡಿಕೇರಿ ಮತ್ತು ವಿರಾಜಪೇಟೆ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಜಿಲ್ಲೆಗೆ ಇರುವುದೇ ನೀವಿಬ್ಬರು. ಹಾಗಾಗಿ ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದು ನಿವೃತ್ತಳಾದವಳು. ಈಗ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಚಿತ್ರ ಕಲಿಸಲು ಆಗಾಗ ಹೋಗುತ್ತೇನೆ. ರಸ್ತೆ, ಕಾಡಾನೆ, ಕಾಫಿ ರೇಟು ಅಂತ ನಿಮ್ಮ ಮೇಜಿನ ಮೇಲೆ ಅರ್ಜಿಗಳ ರಾಶಿ ಇರುತ್ತದೆ. ಅದರ ನಡುವೆ ಇದೇನು ಚಿತ್ರದ ವಿಷಯ ಅನ್ನಿಸಬಹುದು. ಆದರೂ ಓದಿ.

ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಗಳಲ್ಲಿ ಗೋಡೆ ತುಂಬಾ ಮಕ್ಕಳ ಚಿತ್ರ ಅಂಟಿಸಿರುತ್ತಾರೆ. ಮುಂದಿನ ಸಲ ಹತ್ತಿರ ಹೋಗಿ ನೋಡಿ. ನಾನು ನೋಡಿದ ಒಂದು ಕಡೆ ಎಲ್ಲ ಹಾಳೆಯಲ್ಲೂ ಒಂದೇ ನವಿಲು ಇತ್ತು, ಕೆಳಗೆ ಹೆಸರು ಮಾತ್ರ ಬೇರೆ ಬೇರೆ. ನವಿಲನ್ನು ಟೀಚರ್ ಬರೆದುಕೊಟ್ಟಿದ್ದರು. ಮಕ್ಕಳು ಬಣ್ಣ ತುಂಬಿದ್ದರು. ಕೆಲವು ಹಾಳೆಗಳಿಗೆ ಆಯಾನೇ ತುಂಬಿದ್ದರು. ಅವರನ್ನು ಬೈಯುವುದಿಲ್ಲ. ನಾಳೆ ಬೆಳಗ್ಗೆ ಸಾಹೇಬರು ಬರುತ್ತಾರೆ, ಗೋಡೆ ಖಾಲಿ ಕಾಣಬಾರದು. ಪಾಪ, ಇನ್ನೇನು ಮಾಡುತ್ತಾರೆ?

ಉಳಿದ ದಿನಗಳಲ್ಲಿ, ಮಗು ಗಲಾಟೆ ಮಾಡಿದರೆ ಅದರ ಮುಂದೆ ಒಂದು ಕ್ರೇಯಾನ್ ಡಬ್ಬ. "ಏನಾದ್ರೂ ಗೀಚ್ತಾ ಕೂತ್ಕೋ ಮರಿ." ಗೀಚುವುದು ಒಳ್ಳೆಯದೇ. ಆದರೆ ಬೇರೆ ಮಕ್ಕಳಿಗೆ ಗೆರೆ, ಅಳತೆ, ಬಣ್ಣ ಬೆರೆಸುವುದು ಎಲ್ಲ ಹೇಳಿಕೊಡುತ್ತೇವೆ ಅಲ್ವಾ? ಇವರಿಗೆ ಮಾತ್ರ ಯಾಕೆ ಬರೀ ಹೊತ್ತು ಕಳೆಯುವ ಕೆಲಸ?

ಕಣ್ಣು ಕಾಣದ ಮಗುವಿಗೆ ಚಿತ್ರ ಹೇಗೆ ಕಲಿಸ್ತೀರಿ ಅಂತ ಎಲ್ಲರೂ ಕೇಳುತ್ತಾರೆ. ಕಿಟಕಿಗೆ ಹೊಡೆಯುವ ಸೊಳ್ಳೆ ಜಾಲರಿ ಇದೆಯಲ್ಲ, ಅದನ್ನು ಒಂದು ಪ್ಲೈವುಡ್ ಹಲಗೆಗೆ ಬಿಗಿಯಾಗಿ ಹೊಡೆಯಬೇಕು. ಅಂಚು ಕೈಗೆ ಚುಚ್ಚದಂತೆ ಟೇಪ್ ಸುತ್ತಬೇಕು. ಮೇಲೆ ತೆಳು ಹಾಳೆ ಇಟ್ಟು ಕ್ರೇಯಾನ್ ಒತ್ತಿ ಎಳೆದರೆ ಗೆರೆ ತರಿತರಿಯಾಗಿ ಬೆರಳಿಗೆ ಸಿಗುತ್ತದೆ. ಎಲ್ಲಿ ಶುರು ಮಾಡಿದೆ, ಎಲ್ಲಿ ಬಿಟ್ಟೆ ಅಂತ ಮಗುವಿಗೇ ಗೊತ್ತಾಗುತ್ತದೆ. ಹೀಗೆ ಒಬ್ಬ ಹುಡುಗಿ ಮನೆಯ ಮೆಟ್ಟಿಲು ಬರೆದಳು. ಒಂದು ಗಿಡ್ಡ, ಇನ್ನೊಂದು ಎತ್ತರ. ಯಾಕೆ ಹೀಗೆ ಅಂತ ಕೇಳಿದೆ. "ನಮ್ಮ ಲೈನ್ ಮನೇದು ಹಂಗೇ ಟೀಚರ್, ಮೂರನೇದ್ರಲ್ಲಿ ಎಲ್ಲರೂ ಎಡವ್ತಾರೆ" ಅಂದಳು. ಲೈನ್ ಮನೆ ಅಂದರೆ ತೋಟದ ಕೆಲಸದವರ ಸಾಲು ಮನೆ. ಆ ಮೂರನೆಯ ಮೆಟ್ಟಿಲನ್ನು ಬೇಕಂತಲೇ ಎತ್ತರ ಮಾಡಿದ್ದಳು.

ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಮಗುವಿಗೆ ಬ್ರಷ್ಷಿನ ಹಿಡಿ ತೀರಾ ಸಣ್ಣದಾಗುತ್ತದೆ. ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಟ್ಟರೆ ಹಿಡಿತ ಸಿಗುತ್ತದೆ. ಆಟಿಸಂ ಇರುವ ಕೆಲವು ಮಕ್ಕಳಿಗೆ ಒದ್ದೆ ಮಣ್ಣು ಮುಟ್ಟಿದರೆ ಆಗುವುದಿಲ್ಲ. ಒತ್ತಾಯ ಮಾಡದೆ ಕೈಗೊಂದು ಕಡ್ಡಿ ಕೊಟ್ಟರೆ ಅದೇ ಮಣ್ಣಿನ ಮೇಲೆ ಕೆತ್ತುತ್ತಾ ಕೂರುತ್ತಾರೆ. ಕಿವಿ ಕೇಳದ ಮಕ್ಕಳಿದ್ದರೆ ಬೋರ್ಡಿನ ಕಡೆ ತಿರುಗಿಕೊಂಡು ಪಾಠ ಮಾಡಬಾರದು, ಅಷ್ಟೆ. ಉಳಿದ ಸಾಮಾನು ತೋಟದಲ್ಲೇ ಬಿದ್ದಿದೆ. ಸಿಲ್ವರ್ ಓಕ್ ಎಲೆಯ ಬೆನ್ನು ಮುಟ್ಟಿ ನೋಡಿ, ಎಷ್ಟು ನಯ! ಒಣ ಕಾಫಿ ಸಿಪ್ಪೆ, ಮರದ ತೊಗಟೆ ಇವೆ. (ಕರಿಮೆಣಸು ಮಾತ್ರ ಬೇಡ, ಕೈ ಕಣ್ಣಿಗೆ ಹೋಗುತ್ತದೆ.) ಎಲ್ಲಿಂದಲೋ ಬರುವ ರೆಡಿಮೇಡ್ ಕಿಟ್‌ಗಳಿಗೆ ನಮ್ಮ ಜುಲೈ ಮಳೆ ಗೊತ್ತಿಲ್ಲ. ಹಾಳೆಗೆ ಬೂಷ್ಟು ಹಿಡಿಯುತ್ತದೆ, ಮಣ್ಣಿನ ಬೊಂಬೆ ವಾರವಾದರೂ ಒಣಗುವುದಿಲ್ಲ.

ಶಾಂತಿನಿಕೇತನದ ಚಿತ್ರಕಲಾವಿದ ಬಿನೋದ್ ಬಿಹಾರಿ ಮುಖರ್ಜಿಯವರಿಗೆ ಚಿಕ್ಕಂದಿನಿಂದಲೇ ಕಣ್ಣು ಮಂದ. 1919ರಲ್ಲಿ ಅಲ್ಲಿನ ಕಲಾಭವನ ಅವರನ್ನು ಸೇರಿಸಿಕೊಂಡು ಕಲಿಸಿತು. 1950ರ ದಶಕದಲ್ಲಿ ಆಪರೇಷನ್ ಕೈಕೊಟ್ಟು ದೃಷ್ಟಿ ಪೂರ್ತಿ ಹೋಯಿತು. ಆಮೇಲೂ ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಚಿತ್ರ ಮಾಡಿದರು, ಟೈಲ್ಸಿನಲ್ಲಿ ಗೋಡೆ ಚಿತ್ರವನ್ನೂ ಮಾಡಿದರು. ನಮ್ಮ ಮಕ್ಕಳೆಲ್ಲ ದೊಡ್ಡ ಕಲಾವಿದರಾಗಲಿ ಅಂತ ಹೇಳುತ್ತಿಲ್ಲ. ಸೇರಿಸಿಕೊಂಡು ಕಲಿಸಿದರಲ್ಲ, ಅದನ್ನು ಹೇಳುತ್ತಿದ್ದೇನೆ.

ಕಾನೂನೂ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಓದಿಸಿ. ಇವರು ಕಲಾ ತರಗತಿಗಳಲ್ಲಿ ಭಾಗವಹಿಸಲು ಅನುಕೂಲ ಮಾಡಬೇಕು, ಕಲೆಯ ಪಾಠಗಳನ್ನೇ ಇವರಿಗೆ ಹೊಂದುವಂತೆ ಬದಲಿಸಬೇಕು ಅಂತ ಅದರಲ್ಲಿದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಬಿ.ಆರ್.ಸಿ.ಗಳಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರಗಳಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದೇ ಬಿ.ಐ.ಇ.ಆರ್.ಟಿ. ಶಿಕ್ಷಕರಿದ್ದಾರೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಅವರೇ ಹೋಗಬೇಕು. ಅವರಿಗೆ ಕೈಯಾರೆ ಮಾಡಿಸುವ ಕಲಾ ತರಬೇತಿ ಕೊಡಿಸಿ, ಭಾಷಣದ ತರಬೇತಿ ಬೇಡ. ಐದು ತಾಲ್ಲೂಕುಗಳಿಗೂ ಒಬ್ಬೊಬ್ಬ ಡ್ರಾಯಿಂಗ್ ಟೀಚರನ್ನು ಗೌರವಧನದ ಮೇಲೆ ನೇಮಿಸಿ, ಶಾಲೆಯಿಂದ ಶಾಲೆಗೆ ಓಡಾಡಲಿ. ಗ್ರಾಮ ಪಂಚಾಯಿತಿಗಳು ಅಂಗವಿಕಲರಿಗೆ ಅಂತ ತೆಗೆದಿಡಬೇಕಾದ ಶೇಕಡಾ 5ರ ಹಣದಲ್ಲಿ ಹಾಳೆ, ಬಣ್ಣಕ್ಕೆ ಸ್ವಲ್ಪ ಸಿಗುವ ಹಾಗೆ ನೋಡಿ.

ಇನ್ನೊಂದಿದೆ, ಅದು ನಿಮ್ಮಿಂದ ಮಾತ್ರ ಆಗುವಂಥದ್ದು. ಕಾಫಿ ಕೊಯ್ಲು ಶುರುವಾದರೆ ಅಪ್ಪ ಅಮ್ಮ ಇಬ್ಬರೂ ತೋಟಕ್ಕೆ ಹೋಗುತ್ತಾರೆ. ಲೈನ್ ಮನೆಯಲ್ಲಿ ಮಗು ಒಂದೇ ಇರುತ್ತದೆ, ಇಲ್ಲವೇ ಪುಟ್ಟ ತಂಗಿ ನೋಡಿಕೊಳ್ಳುತ್ತಿರುತ್ತಾಳೆ. ಟೀಚರ್ ಬಂದರೂ ಕೂರಲು ಜಾಗವಿಲ್ಲ. ತೋಟದ ಆಫೀಸಿನ ಪಕ್ಕ ಒಂದು ಕೋಣೆ ಬಿಟ್ಟುಕೊಡಿ ಅಂತ ಬೆಳೆಗಾರರಿಗೆ ನೀವು ಹೇಳಿದರೆ ಕೇಳುತ್ತಾರೆ. ನಾನು ಹೇಳಿದರೆ ಕಾಫಿ ಕೊಟ್ಟು ಕಳಿಸುತ್ತಾರೆ.

ಬೇಸಿಗೆ ರಜೆ ಮುಗಿಯುವ ಮೊದಲೇ ತರಬೇತಿ ಆಗಬೇಕು. ಮಳೆ ಹಿಡಿದರೆ ಜನ ಸೇರಿಸುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ದಿನ ಗೊತ್ತು ಮಾಡಿ ತಿಳಿಸಿ. ಜಾಲರಿ ಹಲಗೆ ಮಾಡಿ ತೋರಿಸಲು ನಾನೇ ಬರುತ್ತೇನೆ, ಮೊಳೆ ಸುತ್ತಿಗೆಯೂ ನಂದೇ.

ಇಂತಿ,
ಒಬ್ಬ ನಿವೃತ್ತ ಡ್ರಾಯಿಂಗ್ ಟೀಚರ್
ಕೊಡಗು