ಒಂದು ಪೊಟ್ಟಣ ತೂಗಿ ತೀರ್ಪು ಕೊಡುವುದು ಸಲ್ಲದು

ಮಾನ್ಯ ಸಂಪಾದಕರೇ,

ಅಂಗಡಿಯಿಂದ ತಂದ ಅರ್ಧ ಕೆ.ಜಿ. ಪೊಟ್ಟಣವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು, ‘ಆರು ಗ್ರಾಂ ಕಡಿಮೆ ಇದೆ, ಇದು ಮೋಸ’ ಎಂದು ತೋರಿಸುವ ವಿಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತವೆ. ಕೆಲವೊಮ್ಮೆ ಪತ್ರಿಕೆಗಳ ಗ್ರಾಹಕ ಅಂಕಣಗಳಲ್ಲೂ ಸುದ್ದಿಯಾಗುತ್ತವೆ. ಕೊಟ್ಟ ದುಡ್ಡಿಗೆ ತಕ್ಕ ತೂಕ ಕೇಳುವುದು ಗ್ರಾಹಕರ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದೇ ಪೊಟ್ಟಣದ ತೂಕದಿಂದ ಮೋಸ ಸಾಬೀತಾಗುವುದಿಲ್ಲ. ಮೋಸ ಇಲ್ಲವೆಂದೂ ಸಾಬೀತಾಗುವುದಿಲ್ಲ. ಇದಕ್ಕೆ ಬೇಕಾದ ಲೆಕ್ಕ ನಮ್ಮ ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರದ ಪಠ್ಯದಲ್ಲೇ ಇದೆ. ಅದು ಪರೀಕ್ಷೆಯ ಹಾಳೆಯಲ್ಲೇ ಉಳಿದುಬಿಟ್ಟಿರುವುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಪೊಟ್ಟಣ ಸಾಮಗ್ರಿಗಳಿಗೆ ಸಂಬಂಧಿಸಿದ 2011ರ ಕಾನೂನು ಮಾಪನಶಾಸ್ತ್ರ (ತೂಕ-ಅಳತೆ) ನಿಯಮಗಳು ಎರಡು ಮಾತು ಹೇಳುತ್ತವೆ. ಯಂತ್ರ ಎಷ್ಟೇ ಚೆನ್ನಾಗಿದ್ದರೂ ಪ್ರತಿ ಪೊಟ್ಟಣವನ್ನೂ ಒಂದೇ ತೂಕಕ್ಕೆ ತುಂಬಲಾರದು ಎಂಬ ಕಾರಣಕ್ಕೆ, 500 ಗ್ರಾಂ ಪೊಟ್ಟಣದಲ್ಲಿ 15 ಗ್ರಾಂವರೆಗಿನ ವ್ಯತ್ಯಾಸವನ್ನು ಅವು ಸಹಿಸುತ್ತವೆ. ಆದರೆ ಪರೀಕ್ಷೆಗೆಂದು ಆಯ್ದ ಹಲವು ಪೊಟ್ಟಣಗಳ ಸರಾಸರಿ, ಆಯ್ಕೆಯಲ್ಲಿನ ಆಕಸ್ಮಿಕ ಏರುಪೇರಿಗೆಂದು ಕೊಡುವ ಸಂಖ್ಯಾಶಾಸ್ತ್ರದ ತಿದ್ದುಪಡಿಯ ನಂತರವೂ, ಲೇಬಲ್‌ನ ತೂಕಕ್ಕಿಂತ ಕಡಿಮೆ ಇರಕೂಡದು. ವಿಡಿಯೊ ಮಾಡುವವರಿಗೆ ಮೊದಲನೆಯ ಮಾತು ಗೊತ್ತಿರುವುದಿಲ್ಲ. ತಯಾರಕರ ಪರ ವಾದಿಸುವವರು ಎರಡನೆಯದನ್ನು ಎತ್ತುವುದೇ ಇಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಂದೇ ಬ್ಯಾಚಿನ ಹತ್ತು ಪೊಟ್ಟಣಗಳಿಂದ ಕವರಿನ ತೂಕ ಕಳೆದು ಬಂದ ನಿವ್ವಳ ತೂಕ ಹೀಗಿದೆ ಎಂದಿಟ್ಟುಕೊಳ್ಳಿ: 497, 501, 495, 498, 503, 494, 499, 496, 500, 497 ಗ್ರಾಂ. ಇವುಗಳಲ್ಲಿ ಒಂದೂ 15 ಗ್ರಾಂ ಮಿತಿಯ ಹತ್ತಿರಕ್ಕೂ ಹೋಗಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ನಿರ್ದೋಷಿಗಳೇ. ಸರಾಸರಿ ಮಾತ್ರ 498. ಈ ಎರಡು ಗ್ರಾಂ ಕೊರತೆ ಆಕಸ್ಮಿಕವೋ, ಯಂತ್ರವನ್ನೇ ಕಡಿಮೆಗೆ ಹೊಂದಿಸಿದ್ದರ ಫಲವೋ ಎಂಬುದು ಪ್ರಶ್ನೆ. ‘ನಿಜವಾದ ಸರಾಸರಿ 500 ಗ್ರಾಂ ಇದೆ’ ಎಂಬುದನ್ನು ಶೂನ್ಯ ಪ್ರಾಕ್ಕಲ್ಪನೆಯಾಗಿ, ಅಂದರೆ ಪರೀಕ್ಷೆಗೆ ಒಡ್ಡುವ ಊಹೆಯಾಗಿ, ಇಟ್ಟುಕೊಂಡರೆ, ಮಾನಕ ವಿಚಲನೆ (ತೂಕಗಳ ಚದುರುವಿಕೆ) ಸುಮಾರು 2.79, ಸರಾಸರಿಯ ಮಾನಕ ದೋಷ (ಸರಾಸರಿಯಲ್ಲೇ ಆಕಸ್ಮಿಕವಾಗಿ ಬರುವ ಏರುಪೇರು) 0.88, ಕೊರತೆಯನ್ನು ಆ ದೋಷದಿಂದ ಭಾಗಿಸಿದ ಟಿ ಬೆಲೆ ಋಣ 2.27 ಬರುತ್ತದೆ. ಶೇ 5ರ ಮಟ್ಟದಲ್ಲಿ, ಅಂದರೆ ಸರಿಯಾಗಿ ತುಂಬಿದವರನ್ನು ನೂರರಲ್ಲಿ ಐದು ಸಲ ತಪ್ಪಾಗಿ ದೂರುವ ಅಪಾಯವನ್ನು ಒಪ್ಪಿಕೊಂಡರೆ, ಗಡಿ ಋಣ 1.83, ಅದನ್ನು ದಾಟಿರುವುದರಿಂದ ಕೊರತೆ ಆಕಸ್ಮಿಕವಲ್ಲ ಎನ್ನಬಹುದು. ಶೇ 1ರ ಮಟ್ಟದ ಗಡಿ ಋಣ 2.82, ಅದರಂತೆ ದೂರು ನಿಲ್ಲುವುದಿಲ್ಲ. ಆದ್ದರಿಂದ ಯಾವ ಮಟ್ಟ ಎಂಬುದನ್ನು ತೂಗುವ ಮೊದಲೇ ತೀರ್ಮಾನಿಸಿ ಬರೆದಿಡಬೇಕು, ಫಲಿತಾಂಶ ನೋಡಿದ ಮೇಲೆ ಬೇಕಾದ ಗಡಿಯನ್ನು ಆರಿಸಿಕೊಳ್ಳುವುದು ಅಪ್ರಾಮಾಣಿಕ. ಎರಡು ಗ್ರಾಂ ಏನು ಮಹಾ ಎನ್ನುವವರಿಗೂ ಉತ್ತರ ಇದೆ: ಲಕ್ಷ ಪೊಟ್ಟಣಗಳಿಗೆ ಅದು 200 ಕೆ.ಜಿ. ಆಗುತ್ತದೆ.

ಇಷ್ಟು ಕಡಿಮೆ ಪೊಟ್ಟಣಗಳಿಂದ ತೀರ್ಮಾನಕ್ಕೆ ಬರಲು ಸಾಧ್ಯವಾಗಿರುವುದು ಡಬ್ಲಿನ್‌ನ ಗಿನ್ನಿಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಗಾಸೆಟ್ ಅವರಿಂದ. 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಅವರು ಪ್ರಕಟಿಸಿದ ಲೇಖನವೇ ಮೇಲೆ ಮಾಡಿದ ಲೆಕ್ಕದ, ಅಂದರೆ ಟಿ-ಪರೀಕ್ಷೆಯ, ಮೂಲ. ಅಂದರೆ ಈ ವಿದ್ಯೆ ಹುಟ್ಟಿದ್ದೇ ದಿನಬಳಕೆಯ ಸರಕು ತಯಾರಿಸುವ ಜಾಗದಲ್ಲಿ.

ಇನ್ನೊಂದು ಎಚ್ಚರವೂ ಬೇಕು. ಲೇಬಲ್‌ಗೆ ಸರಿಯಾಗಿ ತುಂಬಿದ ಇಪ್ಪತ್ತು ಬ್ರ್ಯಾಂಡ್‌ಗಳನ್ನು ಶೇ 5ರ ಮಟ್ಟದಲ್ಲಿ ಪರೀಕ್ಷಿಸಿದರೂ, ಅವುಗಳಲ್ಲಿ ಒಂದಾದರೂ ತಪ್ಪಿತಸ್ಥನಂತೆ ಕಾಣುವ ಸಂಭವ ಶೇ 64ರಷ್ಟಿದೆ. ಉಳಿದ ಹತ್ತೊಂಬತ್ತನ್ನು ಹೇಳದೆ ಆ ಒಂದನ್ನೇ ತಲೆಬರಹ ಮಾಡಿದರೆ, ಅಂಕಿಗಳೆಲ್ಲ ಸರಿಯಿದ್ದೂ ಓದುಗರಿಗೆ ತಲುಪುವುದು ಸುಳ್ಳು.

ಪೊಟ್ಟಣದಂತೆಯೇ ವಿದ್ಯುತ್ ಬಿಲ್ಲಿನ ಬಗೆಗೂ ಅವಸರದ ದೂರುಗಳಿವೆ. ಅಲ್ಲಿ ರೇಖೀಯ ಹಿಂಚಲನೆ (ಲೀನಿಯರ್ ರಿಗ್ರೆಷನ್), ಅಂದರೆ ಒಂದು ಅಂಶ ಬದಲಾದಂತೆ ಇನ್ನೊಂದು ಎಷ್ಟು ಬದಲಾಗುತ್ತದೆಂದು ರೇಖೆ ಎಳೆದು ಅಂದಾಜಿಸುವ ವಿಧಾನ, ಹೆಚ್ಚು ಉಪಯುಕ್ತ. ಗೃಹಜ್ಯೋತಿ ಯೋಜನೆ ಆರಂಭವಾದಾಗ, 2022–23ರ ಮಾಸಿಕ ಸರಾಸರಿಗೆ ಶೇ 10 ಸೇರಿಸಿ ಪ್ರತಿ ಮನೆಯ ಉಚಿತ ಮಿತಿಯನ್ನು ಗೊತ್ತುಮಾಡಲಾಯಿತು. ಸರಾಸರಿ 90 ಯೂನಿಟ್ ಇರುವ ಮನೆಗೆ ಮಿತಿ 99. ಏಪ್ರಿಲ್‌ನಲ್ಲಿ 110 ಬಂದರೆ ‘ಮೀಟರ್ ಓಡುತ್ತಿದೆ’ ಎಂಬ ದೂರು ಏಳುತ್ತದೆ. ಹಳೆಯ ಬಿಲ್ಲುಗಳ ಯೂನಿಟ್‌ಗಳನ್ನು ಆಯಾ ತಿಂಗಳ ಗರಿಷ್ಠ ಉಷ್ಣಾಂಶದ ಸರಾಸರಿಯೊಂದಿಗೆ ಜೋಡಿಸಿ ರೇಖೆ ಎಳೆದಾಗ, ಒಂದು ಡಿಗ್ರಿಗೆ ಮೂರು ಯೂನಿಟ್‌ನಂತೆ ಬಳಕೆ ಏರುತ್ತದೆಂದು ತಿಳಿಯಿತೆನ್ನಿ. ವರ್ಷದ ಸರಾಸರಿ 29 ಡಿಗ್ರಿ ಇದ್ದು ಏಪ್ರಿಲ್‌ನಲ್ಲಿ 34 ಆದರೆ, ಫ್ಯಾನು, ಫ್ರಿಜ್ಜುಗಳ ಸಹಜ ಬಳಕೆಯೇ 105ಕ್ಕೆ ಮುಟ್ಟುತ್ತದೆ. ರೇಖೆಯಿಂದ ಬಿಲ್ಲುಗಳು ಸಾಮಾನ್ಯವಾಗಿ ಆರು ಯೂನಿಟ್ ಆಚೀಚೆ ಚದುರಿದ್ದರೆ, 110ರಲ್ಲಿ ಅನುಮಾನ ಪಡುವಂಥದ್ದೇನೂ ಇಲ್ಲ. ಅದೇ 135 ಬಂದಿದ್ದರೆ ಮೀಟರ್ ಪರೀಕ್ಷೆ ಕೇಳಲು ಬಲವಾದ ಕಾರಣವಿದೆ. ಹಿಂದಿನ ಬಿಲ್ 28 ದಿನಕ್ಕೆ, ಈಗಿನದು 33 ದಿನಕ್ಕೆ ಬಂದಿದ್ದರೆ ಮೊದಲು ದಿನವೊಂದರ ಬಳಕೆಗೆ ಇಳಿಸಿಕೊಳ್ಳಬೇಕು. ಮನೆಗೆ ಹೊಸದಾಗಿ ಗೀಸರ್ ಬಂದಿದ್ದರೆ, ನೆಂಟರು ತಿಂಗಳಿಡೀ ಉಳಿದಿದ್ದರೆ ಹಳೆಯ ರೇಖೆ ಹೊಂದುವುದಿಲ್ಲ. ಹತ್ತು ಹನ್ನೆರಡು ಬಿಲ್ಲುಗಳಿಂದ ಎಳೆದ ರೇಖೆಯನ್ನು ಅದರ ಯೋಗ್ಯತೆಗೆ ಮೀರಿ ನಂಬಲೂ ಬಾರದು.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇದು. ಗ್ರಾಹಕ ದೂರಿನ ವರದಿಗಳಲ್ಲಿ ಎಷ್ಟು ಪೊಟ್ಟಣ ತೂಗಿದರು, ಒಂದೇ ಅಂಗಡಿಯದೋ ಹಲವು ಅಂಗಡಿಗಳದೋ, ಸರಾಸರಿ ಎಷ್ಟು, ಕನಿಷ್ಠ ಗರಿಷ್ಠ ಎಷ್ಟು, ಒಟ್ಟು ಎಷ್ಟು ಬ್ರ್ಯಾಂಡ್ ಪರೀಕ್ಷಿಸಿದರು ಎಂಬ ವಿವರಗಳನ್ನು ಒಂದು ಚಿಕ್ಕ ಚೌಕಟ್ಟಿನಲ್ಲಾದರೂ ಕೊಡಿ. ಪದವಿಪೂರ್ವ ಕಾಲೇಜುಗಳ ಸಂಖ್ಯಾಶಾಸ್ತ್ರ ಉಪನ್ಯಾಸಕರು ತಮ್ಮ ವಿದ್ಯಾರ್ಥಿಗಳಿಂದ ಇಂಥ ತೂಕ, ಬಿಲ್ಲುಗಳ ಲೆಕ್ಕ ಮಾಡಿಸಬಹುದು. ಕೊರತೆ ಕಂಡರೆ ಅಂಕಿಗಳನ್ನು, ಬ್ಯಾಚ್ ಸಂಖ್ಯೆಯನ್ನು ಬರೆದು ಕಾನೂನು ಮಾಪನಶಾಸ್ತ್ರ ಇಲಾಖೆಗೆ ಕಳುಹಿಸಬಹುದು. ಅಡುಗೆಮನೆಯ ತಕ್ಕಡಿ ಕಾನೂನಿನ ಸಾಕ್ಷ್ಯವಲ್ಲ ನಿಜ, ಆದರೆ ಯಾವ ಬ್ಯಾಚನ್ನು ಹಿಡಿದು ಪರೀಕ್ಷಿಸಬೇಕೆಂದು ಅಧಿಕಾರಿಗಳಿಗೆ ತೋರಿಸಿಕೊಡಲು ಅಷ್ಟು ಸಾಕು.

— ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕ, ಮೈಸೂರು