ಗೆಳೆಯನಿಗೊಂದು ಪತ್ರ: ವೆಂಕಪ್ಪಯ್ಯ ಬಿಟ್ಟುಕೊಟ್ಟ ತೋಟ

ಲೋ ಗುಂಡಾ,

ಕಾಗದ ಬರಿ ಅಂತ ಪೀಡಿಸುತ್ತಿದ್ದೆಯಲ್ಲ, ತಗೋ, ಊರವರೆಲ್ಲ ಓದುವ ಹಾಗೇ ಬರೆದಿದ್ದೇನೆ. ಹೆದರಬೇಡ, ಮೂರನೇ ಇಡ್ಲಿಯ ವಿಷಯ ಎತ್ತುವುದಿಲ್ಲ.

ನನ್ನ ಕಥೆಯ ವೆಂಕಪ್ಪಯ್ಯ ನೆನಪಿದ್ದಾನಾ? ಪಾಲಿನ ಪಂಚಾಯ್ತಿಯಲ್ಲಿ ಎದ್ದು ನಿಂತು, ಶಲ್ಯ ಕೊಡವಿ, "ನನಗೆ ಬೇಡ. ತಮ್ಮನೇ ಇಟ್ಟುಕೊಳ್ಳಲಿ" ಅನ್ನುವವನು. 'ಇಂಥವರು ಎಲ್ಲಿದ್ದಾರೋ ಮಾರಾಯ' ಅಂತ ನಕ್ಕಿದ್ದೆ ನೀನು.

ಈಚೆಗೆ ನಮ್ಮ ಮನೆಯಲ್ಲೂ ಪಾಲಾಯಿತು. ಬಾವಿ ಪಕ್ಕದ ಅರ್ಧ ಎಕರೆ ಅಡಿಕೆ ತೋಟ ಯಾರಿಗೆ ಅನ್ನುವ ಮಾತು ಬಂತು. ಕವಳದ ತಟ್ಟೆ ಒಂದು ಸುತ್ತು ಹೋಯಿತು, ಯಾರೂ ಬಾಯಿ ಬಿಡಲಿಲ್ಲ. ನಾನು ಎದ್ದೆ. "ನನಗೆ ಬೇಡ." ಅಲ್ಲೊಂದು ಪೂರ್ಣವಿರಾಮ, ಕಥೆಯಲ್ಲಿ ಇಟ್ಟ ಜಾಗದಲ್ಲೇ. ಆಮೇಲೆ ಉಳಿದ ಮಾತು. ಹೆಗಲ ಮೇಲೆ ಶಲ್ಯ ಇರಲಿಲ್ಲ, ಆದರೂ ಕೈ ಅಲ್ಲಿಗೆ ಹೋಯಿತು ಕಣೋ! ಚಿಕ್ಕಪ್ಪ "ಅಪ್ಪನಿಗೆ ತಕ್ಕ ಮಗ" ಅಂದರು.

ಕೊಟ್ಟದ್ದು ಯಾರು? ವೆಂಕಪ್ಪಯ್ಯನನ್ನು ಬರೆಯುವ ಮುಂಚಿನ ನಾನಾಗಿದ್ದರೆ ಬಾವಿಯ ಹಗ್ಗಕ್ಕೂ ಜಗಳ ತೆಗೆಯುತ್ತಿದ್ದೆ.

ಪೋರ್ಚುಗಲ್ಲಿನ ಕವಿ ಫರ್ನಾಂಡೊ ಪೆಸೋವಾ 1914ರ ಮಾರ್ಚ್ 8ರಂದು ಎತ್ತರದ ಕಪಾಟಿನ ಮುಂದೆ ನಿಂತುಕೊಂಡೇ ಮೂವತ್ತಕ್ಕೂ ಹೆಚ್ಚು ಪದ್ಯ ಬರೆದನಂತೆ, ತಾನೇ ಹುಟ್ಟಿಸಿದ ಆಲ್ಬೆರ್ಟೊ ಕಯೆಯ್ರೊ ಎಂಬ ಕವಿಯ ಹೆಸರಲ್ಲಿ. ಆ ಇಲ್ಲದ ಮನುಷ್ಯನನ್ನೇ ತನ್ನ ಗುರು ಅಂದ. 1935ರ ಕಾಗದವೊಂದರಲ್ಲಿ ಇದೆಲ್ಲ ಇದೆ. ಆಮೇಲೆ ಹಸ್ತಪ್ರತಿ ತೆಗೆದು ನೋಡಿದವರಿಗೆ ಆ ಪದ್ಯಗಳು ಒಂದೇ ದಿನದ್ದಲ್ಲ ಅಂತ ಗೊತ್ತಾಯಿತು. ಗುರು ಬಂದ ದಿನವೂ ಕಟ್ಟುಕಥೆ! ಅವನ ಮೇಲೆ ನನಗೆ ಪ್ರೀತಿ ಹೆಚ್ಚಾದದ್ದೇ ಆಗ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ನನ್ನ ಕೈ ಹಿಡಿದುಕೊಂಡು ತಮ್ಮ ಅತ್ತನಲ್ಲ, ಆಗ ನನ್ನ ತಲೆಯಲ್ಲಿ ಇದ್ದದ್ದು 'ಚೆನ್ನಾಗಿ ಬಂತು' ಅನ್ನುವುದು ಮಾತ್ರ. ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ಕೂತಾಗಲೂ ಹಾಗೇ, ಅವರ ಉಸಿರಿಗೆ ಪದ ಹುಡುಕುತ್ತಿದ್ದೆ. ಕಂಡಕಂಡವರಿಗೆಲ್ಲ ಮಾತು ಬರೆದುಕೊಟ್ಟೆ. ತಮ್ಮನಿಗೆ ಹೇಳಲು ನನ್ನದು ಅಂತ ಒಂದು ಮಾತೂ ಇರಲಿಲ್ಲ ಗುಂಡಾ.

ಹೋಗಲಿ ಬಿಡು, ಮಳೆಗಾಲದ ತಲೆನೋವು. ರಾಶಿ ಅಡಿಕೆಯ ರೇಟನ್ನು ನನ್ನವಳು ದಿನಾ ಪೇಪರಿನಿಂದ ಗಟ್ಟಿಯಾಗಿ ಓದುತ್ತಾಳೆ. "ಮುಂದಿನ ಕಥೆಯಲ್ಲಿ ಒಬ್ಬ ಜಿಪುಣನನ್ನು ಬರೀರಿ, ಮನೆ ಉಳಿಯುತ್ತೆ" ಅಂದಳು. ಶುರು ಮಾಡಿದ್ದೇನೆ. ಹೆಸರು ನಿನ್ನದೇ ಇಟ್ಟಿದ್ದೇನೆ, ಬೇಜಾರಿಲ್ಲ ತಾನೆ?

ಇತಿ,
ನಿನ್ನ ಕರ್ಣ (ಅರ್ಧ ಎಕರೆ ಮಟ್ಟಿಗೆ)