ಗೂಬೆಯ ನಾಲ್ಕನೇ ಉತ್ತರ

ಮಸ್ಕಿ,
ಭಾನುವಾರ ಸಂಜೆ

ಚಿರಂಜೀವಿ ಭೂಮಿಕಾಳಿಗೆ ನಿನ್ನ ದೊಡ್ಡವ್ವ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರು. ನೀನು ಕಳಿಸಿದ ಎರಡೂ ಹಾಳೆ ತಲುಪಿದವು. ಒಂದು ನೀನು ಮೊದಲು ಬರೆದದ್ದು. ಇನ್ನೊಂದು ಶಾಲೆಯ ಗೋಡೆಪತ್ರಿಕೆಗೆ ಅಂತ ತಿದ್ದಿ ಬರೆದದ್ದು. ಮೊದಲನೆಯದರಲ್ಲಿ ‘ಈ ಪುಸ್ತಕದ ಕೊನೆ ಮೋಸ’ ಅಂತಿದೆ. ಎರಡನೆಯದರಲ್ಲಿ ‘ಇದು ಒಳ್ಳೆಯ ಪುಸ್ತಕ, ಇದರಿಂದ ಧೈರ್ಯ ಕಲಿಯಬಹುದು, ಎಲ್ಲರೂ ಓದಬೇಕು’ ಅಂತಿದೆ. ಪುಸ್ತಕವನ್ನು ಹಾಗೆಲ್ಲ ಬೈದು ಬರೆಯಬಾರದು ಅಂತ ಯಾರೋ ದೊಡ್ಡವರು ಹೇಳಿದರು ಅಂತ ಬರೆದಿದ್ದೀಯ. ಯಾವುದನ್ನು ಕೊಡಲಿ ಅಂತ ಕೇಳಿದ್ದೀಯ.

ಉತ್ತರ ಬರೆಯುವ ಮೊದಲು ನಾನೂ ಪುಸ್ತಕ ಓದಿದೆ. ದಸರಾ ರಜೆಗೆ ಬಂದಾಗ ಇಲ್ಲೇ ಬಿಟ್ಟು ಹೋಗಿದ್ದೆಯಲ್ಲ, ಅದೇ ಪ್ರತಿ. ಎರಡು ರಾತ್ರಿ ಹಿಡಿಯಿತು. ಕಳ್ಳ ಯಾರು ಅಂತ ಈ ಪತ್ರದಲ್ಲಿ ಬರೆಯುವುದಿಲ್ಲ. ನಿನ್ನ ತಮ್ಮ ಪತ್ರ ಓದದೆ ಬಿಡುವವನಲ್ಲ, ಅವನು ಪುಸ್ತಕ ಇನ್ನೂ ಓದಿಲ್ಲ. ನಿನ್ನ ಎರಡೂ ಹಾಳೆಯಲ್ಲಿ ಕಳ್ಳನ ಹೆಸರಿದೆ ನೋಡು, ಅದನ್ನು ಮಾತ್ರ ಮೊದಲು ಅಳಿಸು. ಇಂಥ ಕಥೆಯಲ್ಲಿ ಆ ಒಂದು ಹೆಸರಿಗಾಗಿಯೇ ಮಕ್ಕಳು ಪುಟ ತಿರುಗಿಸುತ್ತಾರೆ.

ಈಗ ನಿನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಅದು ನನಗೆ ತುಂಬಾ ಇಷ್ಟವಾಯಿತು.

ಪುಸ್ತಕದಲ್ಲಿ ಒಂದು ಕೋಟೆಯ ಊರು. ದಿನಾ ಬೆಳಗಾದರೆ ಯಾರದೋ ಒಬ್ಬರ ನೆರಳು ಕಾಣೆ. ಚಂದ್ರಿ ಎಂಬ ಹುಡುಗಿ ಹುಡುಕಲು ಹೊರಡುತ್ತಾಳೆ. ಅವಳಿಗೆ ಒಂದು ಗೂಬೆ ಸಿಗುತ್ತದೆ. ‘ಮೂರೇ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ನಾಲ್ಕನೆಯದಕ್ಕೆ ನನಗೆ ಬಾಯಿಲ್ಲ’ ಅನ್ನುತ್ತದೆ. ಚಂದ್ರಿ ಎರಡನೇ ಪ್ರಶ್ನೆಯನ್ನು ಅವಸರದಲ್ಲಿ ಕೇಳಿ ಹಾಳು ಮಾಡಿಕೊಂಡಾಗ ನನಗೂ ಅಯ್ಯೋ ಅನಿಸಿತು. ಅಷ್ಟೆಲ್ಲ ಆದ ಮೇಲೆ ಕೊನೆಯಲ್ಲಿ ಅವಳು ಅತ್ತಳು ಅಂತ ಗೂಬೆ ನಾಲ್ಕನೇ ಉತ್ತರ ಕೊಟ್ಟುಬಿಡುತ್ತದೆ. ನೀನು ಬರೆದಿದ್ದೀಯ: ‘ಹಾಗಾದರೆ ಅವಳು ಮೊದಲೇ ಅಳಬಹುದಿತ್ತಲ್ಲ?’ ಇಡೀ ಹಾಳೆಯಲ್ಲಿ ಅದೇ ಅತಿ ಒಳ್ಳೆಯ ಸಾಲು. ಅದನ್ನೇ ತೆಗೆದು ಹಾಕಿದ್ದೀಯ!

ಮಾಯೆಯ ಕಥೆಯಲ್ಲಿ ಏನು ಬೇಕಾದರೂ ಆಗಬಹುದು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಗೂಬೆ ಮಾತಾಡಲಿ, ನೆರಳು ಓಡಿಹೋಗಲಿ, ನಾವು ಒಪ್ಪುತ್ತೇವೆ. ಆದರೆ ಒಂದು ಸಲ ಮೂರು ಅಂದ ಮೇಲೆ ಮೂರೇ ಇರಬೇಕು. ನೀವು ಕುಂಟೆಬಿಲ್ಲೆ ಆಡುವಾಗ ಒಬ್ಬಳು ಗೆರೆ ತುಳಿದೂ ತುಳಿದಿಲ್ಲ ಅಂದರೆ ಆಟ ನಿಲ್ಲುತ್ತದಲ್ಲ, ಹಾಗೆ. ಪತ್ತೆದಾರಿ ಇರುವ ಕಥೆಯಲ್ಲಂತೂ ಇದು ಇನ್ನೂ ಜಾಸ್ತಿ ಮುಖ್ಯ. ಓದುವವರೂ ಚಂದ್ರಿಯ ಜೊತೆ ತಲೆ ಕೆಡಿಸಿಕೊಳ್ಳುತ್ತಿರುತ್ತಾರೆ. ಅವರಿಗೂ ಗೆಲ್ಲುವ ದಾರಿ ಇರಬೇಕು. ನಿಮ್ಮಜ್ಜಿ ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಅಂತ ಒಗಟು ಹಾಕುತ್ತಿದ್ದಳು. ಮಲ್ಲಿಗೆ ಅಂತ ಗೊತ್ತಾದ ಮೇಲೆ ಹಸಿರು, ಬಿಳುಪು ಎರಡೂ ಒಗಟಿನಲ್ಲೇ ಇದ್ದವಲ್ಲ ಅನಿಸುತ್ತದೆ. ಆ ಗೂಬೆಯ ಉತ್ತರದಲ್ಲಿ ಅದಿಲ್ಲ. ನೀನು ಮೋಸ ಅಂದದ್ದು ಸರಿ.

ಆದರೆ ನನ್ನವ್ವಾ, ಇನ್ನೊಂದು ಕಡೆ ನೀನು ತಪ್ಪಿದ್ದೀಯ. ‘ಕಳ್ಳನ ಮೇಲೆ ಅನುಮಾನ ಬರುವಂಥದ್ದು ಏನೂ ಮೊದಲು ಹೇಳಿಲ್ಲ, ಸುಮ್ನೆ ಕೊನೆಗೆ ತಂದು ನಿಲ್ಲಿಸಿದ್ದಾರೆ’ ಅಂತ ಬರೆದಿದ್ದೀಯ. ಹೇಳಿದ್ದಾರೆ. ತುಂಬಾ ಜಾಣತನದಿಂದ, ಕಣ್ಣೆದುರಿಗೇ ಇಟ್ಟಿದ್ದಾರೆ. ನನಗೂ ಮೊದಲ ಸಲ ಕಾಣಲಿಲ್ಲ. ಮತ್ತೆ ತಿರುಗಿಸಿ ನೋಡಿದಾಗ ಮೈ ಜುಂ ಅಂದಿತು.

ಹಾಗಾಗಿ ಎರಡನೇ ಹಾಳೆ ಬೇಡ. ಮೊದಲನೆಯದನ್ನೂ ಹಾಗೇ ಕೊಡಬೇಡ. ಬೇರೆಯವರು ಮುಖ ಸಿಂಡರಿಸಿದರು ಅಂತ ಅಭಿಪ್ರಾಯ ಬದಲಿಸಿದರೆ ಅದು ನಿನ್ನದಾಗಿ ಉಳಿಯುವುದಿಲ್ಲ. ಪುಟದಲ್ಲಿ ಏನೋ ಸಿಕ್ಕಿ ಬದಲಾಯಿಸಿದರೆ ಅದು ಇನ್ನೂ ಹೆಚ್ಚು ನಿನ್ನದಾಗುತ್ತದೆ.

ನಮ್ಮೂರಿನ ಕಲ್ಲಿನದೇ ಒಂದು ಪತ್ತೆದಾರಿ ಕಥೆ ಇದೆ. ದುರ್ಗದ ಗುಡ್ಡದ ಅಶೋಕನ ಶಾಸನ ನೋಡಲು ಕರೆದುಕೊಂಡು ಹೋದಾಗ ಬಿಸಿಲಿಗೆ ನೀನು ಬೇಗ ಹೋಗೋಣ ಅಂತ ಕೈ ಎಳೆಯುತ್ತಿದ್ದೆ. ಅವತ್ತು ಹೇಳಲು ಆಗಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬುವರು ಹಳೆಯ ಕಂಬಗಳ ಮೇಲಿದ್ದ ಬ್ರಾಹ್ಮಿ ಅಕ್ಷರಗಳನ್ನು ಓದಿದರು. ‘ದೇವಾನಾಂಪಿಯ ಪಿಯದಸಿ’ ಎಂಬ ರಾಜ ಹೀಗೆ ಹೇಳುತ್ತಾನೆ ಅಂತ ಅದರಲ್ಲಿತ್ತು. ದೇವಾನಾಂಪಿಯ ಅಂದರೆ ದೇವರಿಗೆ ಪ್ರಿಯನಾದವನು ಅಂತ ಅರ್ಥ. ಆದರೆ ಯಾವ ರಾಜ? ಹೆಸರೇ ಇಲ್ಲ. ಲಂಕೆಯಲ್ಲಿ ದೇವಾನಾಂಪಿಯ ತಿಸ್ಸ ಎಂಬ ರಾಜನಿದ್ದ. ಅವನೇ ಇರಬೇಕು ಅಂತ ಪ್ರಿನ್ಸೆಪ್ ಮೊದಲು ಅಂದುಕೊಂಡರು. ಅದೇ ವರ್ಷ, ಲಂಕೆಯಲ್ಲಿ ಕೆಲಸಕ್ಕಿದ್ದ ಜಾರ್ಜ್ ಟರ್ನೂರ್ ಅಲ್ಲಿಯ ಒಂದು ಪಾಳಿ ಗ್ರಂಥ ನೋಡಿ, ಪಿಯದಸಿ ಅಂದರೆ ಮೌರ್ಯರ ಅಶೋಕ ಅಂತ ತೋರಿಸಿದರು. ಪ್ರಿನ್ಸೆಪ್ ಹಟ ಹಿಡಿಯಲಿಲ್ಲ, ಒಪ್ಪಿಕೊಂಡರು. ಅಷ್ಟಾದರೂ ರಾಜನ ಸ್ವಂತ ಶಾಸನದಲ್ಲಿ ಅಶೋಕ ಎಂಬ ಹೆಸರು ಸಿಕ್ಕಿರಲಿಲ್ಲ. 78 ವರ್ಷ ಹಾಗೇ ಹೋಯಿತು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಎಂಬುವರು ಇಲ್ಲಿ ಸುತ್ತಾಡುವಾಗ ನಮ್ಮ ಗುಡ್ಡದ ಬಂಡೆಯ ಮೇಲೆ ಆ ಬರಹ ನೋಡಿದರು. ಅದರ ಮೊದಲಲ್ಲೇ ಇತ್ತು: ‘ದೇವಾನಂಪಿಯಸ ಅಸೋಕಸ’. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಓದಿ ಪ್ರಕಟಿಸಿದರು. ಆಮೇಲೆ ಬಳ್ಳಾರಿ ಕಡೆಯ ನಿಟ್ಟೂರು, ಉದೇಗೊಳದಲ್ಲೂ ಆ ಹೆಸರು ಸಿಕ್ಕಿತು. ಮುಂದಿನ ಸಲ ಬಂದಾಗ ಬೆಳಗಿನ ತಂಪಿನಲ್ಲೇ ಗುಡ್ಡಕ್ಕೆ ಹೋಗೋಣ, ಆಮೇಲೆ ಒಗ್ಗರಣೆ-ಮಿರ್ಚಿ ತಿನ್ನೋಣ.

ನಿನ್ನ ಹಾಳೆಯ ಬಗ್ಗೆ ಇಷ್ಟೆಲ್ಲ ಹೇಳುವುದಕ್ಕೆ ಕಾರಣ ಇದೆ. ನಾನು ಎಂಟನೇ ತರಗತಿಯಲ್ಲಿದ್ದಾಗ ಒಂದು ಪುಸ್ತಕದ ಬಗ್ಗೆ ಬರೆದಿದ್ದೆ. ಅದರಲ್ಲಿ ಅಣ್ಣ ಎಲ್ಲ ಸಾಹಸ ಮಾಡುತ್ತಾನೆ, ತಂಗಿ ಬುತ್ತಿ ಕಟ್ಟಿಕೊಡುತ್ತಾಳೆ, ನನಗೆ ಬೇಜಾರಾಯಿತು ಅಂತ ಬರೆದಿದ್ದೆ. ನನಗೆ ಪಾಠ ಹೇಳುತ್ತಿದ್ದವರು ಅದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಪಕ್ಕದಲ್ಲಿ ‘ಉತ್ತಮ ನೀತಿಯುಳ್ಳ ಕೃತಿ’ ಅಂತ ಬರೆದರು. ನಾನು ಅದನ್ನೇ ನಕಲು ಮಾಡಿ ಕೊಟ್ಟೆ. ಆಮೇಲೆ ಎಷ್ಟೋ ವರ್ಷ, ಪುಸ್ತಕ ಓದಿ ಮುಗಿಸಿದ ಮೇಲೆ ಇದು ಚೆನ್ನಾಗಿದೆಯಾ ಅಂತ ಇನ್ನೊಬ್ಬರನ್ನು ಕೇಳುತ್ತಿದ್ದೆ. ನನಗೆ ಏನನ್ನಿಸಿತು ಅಂತ ನನಗೇ ತಿಳಿಯುತ್ತಿರಲಿಲ್ಲ. ಆ ನೋವು ಇವತ್ತಿಗೂ ಇದೆ. ಅದು ನಿನಗೆ ಬರಬಾರದು.

ಇನ್ನು ಬರೆಯುವ ವಿಷಯ. ಕಥೆಯನ್ನು ಪೂರಾ ಹೇಳಬೇಡ, ನಾಲ್ಕು ಸಾಲು ಸಾಕು. ‘ಮಧ್ಯದಲ್ಲಿ ಬೋರ್ ಆಯಿತು’ ಅಂತ ಬರೆದಿದ್ದೀಯ, ಎಲ್ಲಿ ಅಂತ ಹೇಳು. ಬಾವಿಯೊಳಗಿನ ಊರಿನ ವರ್ಣನೆ ಅಲ್ವಾ? ನನಗೂ ಅಲ್ಲಿ ನಿದ್ದೆ ಬಂತು. ಆ ಪುಟಗಳನ್ನು ಹಾರಿಸಿ ಓದಿದ್ದರೆ ಹಾರಿಸಿದೆ ಅಂತಲೇ ಬರೆ.

ಇಷ್ಟವಾದದ್ದನ್ನೂ ಹಾಗೇ ಬಿಡಿಸಿ ಬರೆ. ಅದು ಸಿಟ್ಟಿಗಿಂತ ಕಷ್ಟ. ಚಂದ್ರಿಗೆ ಕತ್ತಲೆಂದರೆ ಭಯ, ಕತ್ತಲಲ್ಲಿ ಯಾರಿಗೂ ನೆರಳು ಇರುವುದಿಲ್ಲ ಅಂತ ಗೊತ್ತಾದ ಮೇಲೆ ಆ ಭಯ ಕಡಿಮೆಯಾಗುತ್ತದೆ. ಆ ಜಾಗದಲ್ಲಿ ನೀನು ಪೆನ್ಸಿಲ್ಲಿನಿಂದ ಸಣ್ಣ ಚುಕ್ಕೆ ಇಟ್ಟಿದ್ದೀಯ. ನೋಡಿದೆ. ಕರೆಂಟು ಹೋದಾಗ ನೀನು ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದೆಯಲ್ಲ, ಅದು ನೆನಪಾಯಿತು. ಆದರೆ ನಿನ್ನ ಎರಡು ಹಾಳೆಯಲ್ಲೂ ಆ ಚುಕ್ಕೆಯ ಬಗ್ಗೆ ಒಂದು ಮಾತಿಲ್ಲ. ‘ಧೈರ್ಯ ಕಲಿಯಬಹುದು’ ಅನ್ನುವ ಬದಲು ಅದನ್ನು ಬರೆ. ನಾಚಿಕೆ ಅನಿಸಿದರೆ ನಿನ್ನ ಬಗ್ಗೆ ಹೇಳಬೇಡ, ಆ ಪುಟದ ಬಗ್ಗೆ ಹೇಳು.

ದೊಡ್ಡವರು ಮತ್ತೆ ಬೇಡ ಅಂದರೆ ಎದುರು ಮಾತಾಡಬೇಡ. ಪುಸ್ತಕ ತೆಗೆದು, ಗೂಬೆ ಮೂರು ಅಂದ ಪುಟವನ್ನೂ ನಾಲ್ಕನೇ ಉತ್ತರ ಕೊಟ್ಟ ಪುಟವನ್ನೂ ತೋರಿಸು. ಅವರೂ ಓದಲಿ. ಆಮೇಲೂ ಗೋಡೆಪತ್ರಿಕೆಗೆ ಬೇಡ ಅಂದರೆ ನನಗೆ ಕಳಿಸು, ನಾನು ಇಟ್ಟುಕೊಳ್ಳುತ್ತೇನೆ.

ಮಂಗಳವಾರ ನಿಮ್ಮ ದೊಡ್ಡಪ್ಪ ರಾಯಚೂರಿಗೆ ಬರುತ್ತಾರೆ. ಅವರ ಕೈಯಲ್ಲಿ ಪುಸ್ತಕ ಮತ್ತು ಶೇಂಗಾ ಹೋಳಿಗೆ ಕಳಿಸುತ್ತೇನೆ. 41ನೇ ಪುಟದಲ್ಲಿ ಒಂದು ಬೇವಿನ ಎಲೆ ಇಟ್ಟಿದ್ದೇನೆ. ಎಲ್ಲರೂ ಬೆಂಕಿಯ ಸುತ್ತ ಕೂತಿದ್ದಾರಲ್ಲ, ಆ ಪುಟ. ಮೊದಲು ಜನರನ್ನು ಎಣಿಸು. ಆಮೇಲೆ ಗೋಡೆಯ ಮೇಲಿನ ನೆರಳು ಎಣಿಸು.

ಇಂತಿ ನಿನ್ನ
ದೊಡ್ಡವ್ವ